ಬಚ್ಚಲ ಒಲೆ ಒಡೆಯುವ ಮೊದಲು

ನಮ್ಮ ಮನೆಯಲ್ಲಿ ಈಗ ಮೂರು ಪಕ್ಷ. ಕುಲಶೇಖರದ ಹಳೇ ಹಂಚಿನ ಮನೆಯ ಬಚ್ಚಲು ಈ ಬೇಸಿಗೆಯಲ್ಲಿ ರಿಪೇರಿ ಆಗಬೇಕು. ಟೈಲ್ಸು, ಪೈಪು, ಬಾಗಿಲು, ಎಲ್ಲದರಲ್ಲೂ ಒಮ್ಮತ ಉಂಟು. ಜಗಳ ಇರುವುದು ಮೂಲೆಯ ಒಲೆಯ ಬಗ್ಗೆ, ಅದರ ಮೇಲೆ ಕೂತಿರುವ ಅರುವತ್ತು ಲೀಟರಿನ ತಾಮ್ರದ ಹಂಡೆಯ ಬಗ್ಗೆ. ಬಹರೈನ್‌ನಲ್ಲಿರುವ ಮಾವ ಫೋನಿನಲ್ಲಿ, "ಅದನ್ನು ಒಡೆದು ಬಿಸಾಡಿ, ಗೀಸರ್ ಹಾಕಿಸಿ, ದುಡ್ಡು ನಾನು ಕೊಡ್ತೇನೆ" ಅಂತ ಹೇಳಿಯಾಗಿದೆ. ಅಮ್ಮನಿಗೆ ಗೀಸರ್ ಆದೀತು, ಆದರೆ ಆಟಿ ತಿಂಗಳಲ್ಲಿ ಕರೆಂಟ್ ಹೋದರೆ ಎಂತ ಮಾಡುವುದು ಎಂಬ ಪ್ರಶ್ನೆ ಉಂಟು. ಅಜ್ಜಿಗೆ ಒಲೆಯೇ ಬೇಕು. ಗಮ್ಮತ್ತೆಂದರೆ, ಒಲೆ ಬೇಕೆಂದು ಹಟ ಹಿಡಿದಿರುವ ಅಜ್ಜಿಗೇ ದಮ್ಮು. ಹೊಗೆಯ ಹತ್ತಿರ ಸುಳಿಯಬೇಡಿ ಎಂದು ಡಾಕ್ಟರು ಹೇಳಿ ಎರಡು ವರ್ಷ ಆಯಿತು. ಬೆಳಿಗ್ಗೆ ಐದೂವರೆಗೆ ಎದ್ದು ಊದುಕೊಳವೆ ಹಿಡಿದು ಕೂರುವವರು ಇವತ್ತಿಗೂ ಅವರೇ.

"ನೀನು ಇಂಜಿನಿಯರಿಂಗ್ ಓದುವುದಲ್ವಾ, ನೀನೇ ಹೇಳು" ಅಂತ ಕೊನೆಗೆ ನನ್ನ ಮೇಲೆ ಹಾಕಿದರು. ಮೂರು ವರ್ಷ ಮೆಕ್ಯಾನಿಕಲ್ ಓದಿ, ಹೀಟ್ ಟ್ರಾನ್ಸ್‌ಫರ್ ಪೇಪರ್ ಪಾಸ್ ಮಾಡಿದ ನಾನು ಆ ಒಲೆಯ ಎದುರು ಒಂದು ಸಲವೂ ಕೂತು ನೋಡಿದವನಲ್ಲ. ಇಪ್ಪತ್ತು ವರ್ಷ ಬಿಸಿನೀರು ಮಿಂದದ್ದು ಮಾತ್ರ. ಹಾಗಾಗಿ ಎರಡು ವಾರ ನೋಡಿದೆ, ಅಳೆದೆ, ಸೌದೆ ತೂಗಿದೆ. ಅದರಿಂದ ನನಗೆ ಅನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಒಲೆಯನ್ನು ಒಡೆಯಬಾರದು. ಈಗಿರುವ ಹಾಗೆ ಇಟ್ಟುಕೊಳ್ಳಲೂ ಬಾರದು.

ಮನೆ ಬಿಸಿ ಮಾಡುವ ಒಲೆ ಅಂದರೆ ಮಂಗಳೂರಿನಲ್ಲಿ ಯಾರಾದರೂ ನಗುತ್ತಾರೆ. ಮಡಿಕೇರಿ, ಚಿಕ್ಕಮಗಳೂರಿನ ಕಾಫಿ ತೋಟದ ಬಂಗಲೆಗಳಲ್ಲಿ ಗೋಡೆಯೊಳಗೆ ಅಗ್ಗಿಷ್ಟಿಕೆ ಇರುತ್ತದೆ. ನಮ್ಮಲ್ಲಿ ಡಿಸೆಂಬರಿನಲ್ಲೂ ಫ್ಯಾನ್ ತಿರುಗುತ್ತದೆ. ಆದರೆ ನಮಗೂ ಒಂದು ಅಗ್ಗಿಷ್ಟಿಕೆ ಇತ್ತು, ಅದು ಚಾವಡಿಯಲ್ಲಿ ಇರದೆ ಬಚ್ಚಲಲ್ಲಿ ಇತ್ತು, ಅಷ್ಟೇ ವ್ಯತ್ಯಾಸ. ನೀರು ಕಾಯುತ್ತದೆ. ಜುಲೈಯಲ್ಲಿ ಅದರ ಮೇಲೆ ಕಟ್ಟಿದ ಹಗ್ಗದಲ್ಲಿ ಬಟ್ಟೆ ಒಣಗುತ್ತದೆ (ಹೊಗೆ ವಾಸನೆಯ ಯೂನಿಫಾರಂ ಹಾಕಿ ಶಾಲೆಗೆ ಹೋದವರು ನಮ್ಮ ಕ್ಲಾಸಿನಲ್ಲೇ ಹತ್ತು ಜನ ಸಿಕ್ಕಾರು). ಬೂದಿಯಲ್ಲಿ ಹಲಸಿನ ಬೀಜ ಸುಡುತ್ತದೆ. ದೀಪಾವಳಿಯ ಹಿಂದಿನ ದಿನ ಹಂಡೆಯನ್ನು ಹುಣಸೆಹುಳಿ ಹಾಕಿ ತಿಕ್ಕಿ, ಶೇಡಿಯ ಗೆರೆ ಎಳೆದು, ಹಿಂಡ್ಲೆಕಾಯಿ ಬಳ್ಳಿ ಸುತ್ತಿ ನೀರು ತುಂಬುತ್ತಾರೆ. ಗೀಸರಿಗೆ ಬಳ್ಳಿ ಸುತ್ತಿದ ಮನೆಯನ್ನೂ ನಾನು ನೋಡಿದ್ದೇನೆ. ತಪ್ಪಲ್ಲ, ಆದರೆ ಸ್ವಲ್ಪ ನಗು ಬರುತ್ತದೆ.

ಆದರೆ ಹಬ್ಬಕ್ಕೋಸ್ಕರ ಒಲೆ ಉಳಿಸಿ ಅಂತ ನಾನು ವಾದಿಸುವುದಿಲ್ಲ. ವರ್ಷಕ್ಕೆ ಒಂದು ದಿನದ ಚೆಂದಕ್ಕೆ ಉಳಿದ ದಿನ ಅಜ್ಜಿ ಹೊಗೆ ಕುಡಿಯಬೇಕು ಅನ್ನುವುದು ಮನುಷ್ಯರ ಮಾತಲ್ಲ.

ಹೊಗೆ ಎಲ್ಲಿಂದ ಬಂತು ಅಂತ ಮೊದಲು ನೋಡುವ. ಅಜ್ಜಿ ಹೇಳುವುದು, ಅವರು ಮದುವೆಯಾದ ಹೊಸತಿನಲ್ಲಿ ಬಚ್ಚಲಲ್ಲಿ ಇಷ್ಟು ಹೊಗೆ ಇರಲಿಲ್ಲವಂತೆ. ಇದು ಹಳೆಯದೆಲ್ಲ ಚಂದ ಅನ್ನುವ ಮಾತು ಅಂದುಕೊಂಡಿದ್ದೆ. ಅಲ್ಲ, ನಿಜವೇ ಇರಬೇಕು. ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಊರಿನ ಮಾಡುಗಳೆಲ್ಲ ಮಂಗಳೂರು ಹಂಚಿನದ್ದಾದವು. ಹಂಚು ಮಳೆ ತಡೆಯುತ್ತದೆ, ಗಾಳಿ ತಡೆಯುವುದಿಲ್ಲ. ಒಂದು ಹಂಚಿಗೂ ಇನ್ನೊಂದಕ್ಕೂ ನಡುವಿನ ಸಂದಿನಲ್ಲಿ ಹೊಗೆ ಸಲೀಸಾಗಿ ಸೋರಿ ಹೋಗುತ್ತದೆ. ಬೆಳಿಗ್ಗೆ ದೂರದಿಂದ ನೋಡಿದರೆ ಇಡೀ ಮಾಡೇ ಉಸಿರಾಡಿದ ಹಾಗೆ ಕಾಣುವುದು ಅದಕ್ಕೇ. ಅಂದರೆ ಆ ಕಾಲದ ಬಚ್ಚಲಿಗೆ ಚಿಮಣಿ ಇರಲಿಲ್ಲ ಅನ್ನುವುದು ಸರಿಯಲ್ಲ, ಮಾಡೇ ಚಿಮಣಿ. ಆಮೇಲೆ ಏನಾಯಿತು? ಮನೆಯ ಉಳಿದ ಭಾಗ ಹಂಚಿನದ್ದೇ ಇದ್ದರೂ, ಬಚ್ಚಲಿಗೆ ಮಾತ್ರ ಸ್ಲ್ಯಾಬ್ ಹಾಕಿಸಿದರು, ಯಾಕೆಂದರೆ ಮೇಲೆ ನೀರಿನ ಟ್ಯಾಂಕ್ ಕೂರಿಸಬೇಕಿತ್ತು. ಒಲೆ ಅಲ್ಲಿಯೇ ಉಳಿಯಿತು, ಹಂಡೆ ಉಳಿಯಿತು, ಹೊಗೆ ಹೋಗುವ ದಾರಿ ಮಾತ್ರ ಮುಚ್ಚಿಹೋಯಿತು. ಗೋಡೆಯ ಮೇಲೆ ಒಂದು ಗೇಣಿನ ಜಾಲರಿ ಬಿಟ್ಟಿದ್ದಾರೆ, ಅದರ ಸುತ್ತ ಕರಿ ಹಿಡಿದು ಅರ್ಧ ಮುಚ್ಚಿದೆ. ನಿಮ್ಮ ಮನೆಯಲ್ಲೂ ಹೀಗೇ ಇದೆಯಾ ನೋಡಿ. ನಾನು ಕೇಳಿದ ಏಳೆಂಟು ಮನೆಗಳಲ್ಲಿ ಹೆಚ್ಚುಕಡಿಮೆ ಇದೇ ಕಥೆ.

ಇನ್ನು ಒಲೆ. ಮೂರು ಕಡೆ ಕೆಂಪುಕಲ್ಲಿನ ಗೋಡೆ, ಎದುರು ದೊಡ್ಡ ಬಾಯಿ, ಮೇಲೆ ಹಂಡೆ. ಬೆಂಕಿ ನೆಲದ ಮೇಲೆಯೇ ಉರಿಯುತ್ತದೆ, ಬೂದಿಯ ಮೇಲೆ. ಕೆಳಗಿನಿಂದ ಗಾಳಿ ಬರಲು ದಾರಿ ಇಲ್ಲ, ಆದ್ದರಿಂದಲೇ ಊದುಕೊಳವೆ. ಹಂಡೆಯ ತಳಕ್ಕೆ ತಾಗಿದ ಜ್ವಾಲೆ ಅಲ್ಲಿ ನಿಲ್ಲದೆ ಎದುರಿನ ಬಾಯಿಯಿಂದಲೇ ಹೊರಗೆ ಬಂದು ಗೋಡೆ ನೆಕ್ಕುತ್ತದೆ. ಹಂಡೆಯ ಹೊಟ್ಟೆಯ ಸುತ್ತ ಮಣ್ಣು ಮೆತ್ತಿದೆ, ಹಾಗಾಗಿ ಬಿಸಿಗಾಳಿ ಅದನ್ನು ಮುಟ್ಟುವುದೇ ಇಲ್ಲ. ನೀರು ಕಾಯಲು ಸಿಗುವುದು ತಳದ ತಟ್ಟೆಯಷ್ಟು ಜಾಗ ಮಾತ್ರ.

ಲೆಕ್ಕ ಹಾಕಿದೆ. 60 ಲೀಟರ್ ನೀರನ್ನು 27 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಬೇಕಾದದ್ದು ಸುಮಾರು 8.3 ಮೆಗಾಜೌಲ್. ಒಣ ಸೌದೆಯ ಒಂದು ಕೆ.ಜಿ.ಯಲ್ಲಿ ಸುಮಾರು 15 ಮೆಗಾಜೌಲ್ ಇರುತ್ತದೆ. ಒಂದು ಕಡ್ಡಿಯ ಶಾಖವೂ ಪೋಲಾಗದಿದ್ದರೆ ಅರ್ಧ ಕೆ.ಜಿ.ಗಿಂತ ಚೂರು ಹೆಚ್ಚು ಸೌದೆ ಸಾಕು. ನಮ್ಮ ಒಲೆಗೆ ನಾನು ತೂಗಿ ಕೊಟ್ಟದ್ದು ನಾಲ್ಕು ಕೆ.ಜಿ. ಆಸುಪಾಸು. ಅಂದರೆ ನೂರರಲ್ಲಿ ಹದಿನಾಲ್ಕು ಪಾಲು ನೀರಿಗೆ, ಎಂಬತ್ತಾರು ಪಾಲು ಗೋಡೆಗೆ, ಗಾಳಿಗೆ, ಅಜ್ಜಿಯ ಕಣ್ಣಿಗೆ. ಅದೂ ಒಣ ಸೌದೆಯಾದರೆ. ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಸುರಿಯುವ ಊರಿನಲ್ಲಿ ಸೌದೆ ಒಣಗಿರುವುದೇ ಅಪರೂಪ. ನಾಲ್ಕು ಕೆ.ಜಿ. ಸೌದೆಯಲ್ಲಿ ನೂರಕ್ಕೆ ನಲವತ್ತು ಪಾಲು ನೀರೇ ಇದ್ದರೆ, ಆ ನೀರನ್ನು ಆವಿ ಮಾಡಿ ಓಡಿಸಲಿಕ್ಕೇ ನಾಲ್ಕು ಮೆಗಾಜೌಲಿಗಿಂತ ಹೆಚ್ಚು ಬೇಕು. ಮೀಯುವ ನೀರಿಗೆ ಬೇಕಾದ ಶಾಖದ ಅರ್ಧದಷ್ಟು! ಸೌದೆಯನ್ನು ಮಳೆಗಾಲದ ಮೊದಲೇ ಕಡಿದು, ಮಾಡಿನಡಿ ಅಡ್ಡಪಟ್ಟಿಯ ಮೇಲೆ ಗಾಳಿಯಾಡುವ ಹಾಗೆ ಜೋಡಿಸಿಡುವ ಅಜ್ಜಿಯ ಶಿಸ್ತನ್ನು ನಾವು ಹುಡುಗರು ತಮಾಷೆ ಮಾಡುತ್ತಿದ್ದೆವು. ಒಲೆ ಯಾವುದೇ ಇರಲಿ, ಅದಕ್ಕಿಂತ ದೊಡ್ಡ ತಾಂತ್ರಿಕ ಸುಧಾರಣೆ ಇನ್ನೊಂದಿಲ್ಲ.

ಈಗಾಗಲೇ ಇರುವ ಒಲೆಗೂಡನ್ನು ಏನು ಮಾಡಬೇಕು ಅನ್ನುವ ಪ್ರಶ್ನೆ ಹೊಸತಲ್ಲ. ಕಾಲೇಜಿನಲ್ಲಿ ರಮ್‌ಫರ್ಡ್ ಹೆಸರು ಎಲ್ಲರೂ ಕೇಳಿದ್ದೇವೆ: ಫಿರಂಗಿ ಕೊರೆಯುವಾಗ ಹುಟ್ಟುವ ಶಾಖ ನೋಡಿ, ಶಾಖ ಅನ್ನುವುದು ದ್ರವವಲ್ಲ, ಚಲನೆ ಅಂತ 1798ರಲ್ಲಿ ಬರೆದವ. ಅದೇ ಮನುಷ್ಯ ಅದಕ್ಕೆ ಎರಡು ಮೂರು ವರ್ಷ ಮೊದಲು ಲಂಡನ್ನಿನ ಮನೆಗಳ ಹೊಗೆ ಕಾರುವ ಅಗ್ಗಿಷ್ಟಿಕೆಗಳನ್ನು ರಿಪೇರಿ ಮಾಡಿಸುತ್ತಿದ್ದ ಅನ್ನುವುದನ್ನು ನಮ್ಮ ಪಠ್ಯದಲ್ಲಿ ಹೇಳುವುದಿಲ್ಲ. ಅವನು ಒಡೆದು ಹೊಸತು ಕಟ್ಟಿಸಲಿಲ್ಲ. ಇದ್ದ ಗೂಡಿನೊಳಗೇ ಒಂದಿಷ್ಟು ಇಟ್ಟಿಗೆ ಇಟ್ಟು ಹಿಂಗೋಡೆಯನ್ನು ಮುಂದಕ್ಕೆ ತಂದ, ಪಕ್ಕದ ಗೋಡೆಗಳನ್ನು ಓರೆ ಮಾಡಿದ, ಹೊಗೆ ಮೇಲೇರುವ ಗಂಟಲನ್ನು ನಾಲ್ಕು ಇಂಚಿಗೆ ಇಳಿಸಿದ. ದೊಡ್ಡ ಗಂಟಲಿನಲ್ಲಿ ಹೊಗೆಯ ಜೊತೆ ಕೋಣೆಯ ಗಾಳಿಯೂ ಸುಮ್ಮನೆ ಮೇಲೆ ಹೋಗುತ್ತದೆ; ಸಣ್ಣ ಗಂಟಲಿನಲ್ಲಿ ಬಿಸಿ ಹೊಗೆ ಮಾತ್ರ, ಅದೂ ಜೋರಾಗಿ. ಈಗ ಅಮೆರಿಕದಲ್ಲಿ ಹಳೇ ಮನೆ ಕೊಂಡವರು ಮಾಡುವುದೂ ಇದರ ಮುಂದುವರಿಕೆಯೇ. ತೆರೆದ ಅಗ್ಗಿಷ್ಟಿಕೆಯೊಳಗೆ ಬಾಗಿಲಿರುವ ಕಬ್ಬಿಣದ ಒಲೆಯನ್ನು ತೂರಿಸಿ, ಹಳೇ ಚಿಮಣಿಯೊಳಗೆ ತುದಿಯವರೆಗೂ ಒಂದು ಸ್ಟೀಲ್ ಕೊಳವೆ ಇಳಿಸುತ್ತಾರೆ. ಅಲ್ಲಿ 2020ರಿಂದ ಹೊಸದಾಗಿ ಮಾರುವ ಕಟ್ಟಿಗೆ ಒಲೆ ಪರೀಕ್ಷೆಯಲ್ಲಿ ಗಂಟೆಗೆ 2ರಿಂದ 2.5 ಗ್ರಾಂಗಿಂತ ಹೆಚ್ಚು ಹೊಗೆಯ ಕಣ ಬಿಡುವ ಹಾಗಿಲ್ಲ. ಕೊಳ್ಳುವಾಗ ಅವರು ನೋಡುವುದು ಒಲೆಯ ಅಂದವನ್ನಲ್ಲ, ಗೂಡಿನ ಅಳತೆಯನ್ನು, ಚಿಮಣಿಯ ಸ್ಥಿತಿಯನ್ನು.

ನಮ್ಮ ಬಚ್ಚಲಿಗೂ ಇದೇ ಬುದ್ಧಿ ಸಾಕು. ನಾನು ಮೇಸ್ತ್ರಿಗೆ ಕೊಟ್ಟ ಚಿತ್ರದಲ್ಲಿ ಇರುವುದು ಇಷ್ಟು. ಬೆಂಕಿಯನ್ನು ನೆಲದಿಂದ ಎತ್ತಿ ಎರಕದ ಕಬ್ಬಿಣದ ಜಾಲರಿಯ ಮೇಲೆ ಇಡುವುದು. ಬೂದಿ ಕೆಳಗೆ ಬೀಳುತ್ತದೆ, ಗಾಳಿ ಕೆಳಗಿನಿಂದ ಬರುತ್ತದೆ, ಊದುಕೊಳವೆಗೆ ನಿವೃತ್ತಿ. ಬಾಯಿಯನ್ನು ಅರ್ಧಕ್ಕೆ ಇಳಿಸಿ ಒಂದು ತಗಡಿನ ಬಾಗಿಲು. ಹಂಡೆಯ ಹೊಟ್ಟೆಗೆ ಮೆತ್ತಿದ ಮಣ್ಣನ್ನು ಕಿತ್ತು, ಸುತ್ತ ಒಂದು ಇಂಚಿನಷ್ಟು ಸಂದು ಬಿಟ್ಟು, ಕುತ್ತಿಗೆಯ ಹತ್ತಿರ ಮಾತ್ರ ಗಟ್ಟಿಯಾಗಿ ಮುಚ್ಚುವುದು. ಆಗ ಬಿಸಿ ಹೊಗೆ ತಳಕ್ಕೆ ತಾಗಿ, ಹೊಟ್ಟೆಯನ್ನು ಸವರಿಕೊಂಡು ಮೇಲೇರಿ, ಹಿಂದಿನಿಂದ ಕೊಳವೆಗೆ ಹೋಗುತ್ತದೆ. ಕೊಳವೆ ನಾಲ್ಕೈದು ಇಂಚು ಅಗಲ, ಮೂರು ಮೀಟರ್ ಎತ್ತರ, ತಲೆಗೆ ಮಳೆಟೋಪಿ.

ಮೂರು ಮೀಟರ್ ಕೊಳವೆ ಎಷ್ಟು ಎಳೆಯುತ್ತದೆ ಅಂತ ನಿಮಗೆ ಅನುಮಾನ ಬರಬಹುದು. ಒಳಗಿನ ಹೊಗೆ 150 ಡಿಗ್ರಿ, ಹೊರಗಿನ ಗಾಳಿ 30 ಡಿಗ್ರಿ ಅಂತ ಹಿಡಿದರೆ ಸಾಂದ್ರತೆಯ ವ್ಯತ್ಯಾಸದಿಂದ ಸಿಗುವ ಎಳೆತ ಬರೀ ಹತ್ತು ಪಾಸ್ಕಲ್. ಒಂದು ಮಿಲಿಮೀಟರ್ ನೀರಿನ ಭಾರ! ಸೊಳ್ಳೆ ಊದಿದ ಹಾಗೆ. ಆದರೆ ಆ ಒಲೆಗೆ ಅಷ್ಟೇ ಬೇಕಾದದ್ದು, ಮತ್ತು ಇಷ್ಟು ಸಣ್ಣ ಎಳೆತವಾದ ಕಾರಣಕ್ಕೇ ಒಂದು ಬೇಡದ ತಿರುವು, ಕುತ್ತಿಗೆಯಲ್ಲಿ ಒಂದು ಬಿರುಕು, ಕೊಳವೆಯೊಳಗೆ ಅರ್ಧ ಇಂಚು ಕರಿ, ಇವಿಷ್ಟರಲ್ಲಿ ಅದು ಸತ್ತುಹೋಗುತ್ತದೆ. ಹೊಗೆ ಮತ್ತೆ ಅಜ್ಜಿಯ ಕಡೆ ತಿರುಗುತ್ತದೆ.

ಈ ವಿಷಯ ಕರ್ನಾಟಕಕ್ಕೆ ಚೆನ್ನಾಗಿ ಗೊತ್ತಿರಬೇಕಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಯ ತಂತ್ರಜ್ಞಾನಕ್ಕೆಂದೇ ಅಸ್ತ್ರ ಎಂಬ ಕೇಂದ್ರ ಶುರು ಮಾಡಿದರು. ಕೆ.ಎಸ್. ಜಗದೀಶ್, ಎಸ್.ಎಸ್. ಲೋಕ್ರಾಸ್ ಮೊದಲಾದವರು ಸೇರಿ 1980ರ ದಶಕದ ಆರಂಭದಲ್ಲಿ ರೂಪಿಸಿದ ಅಸ್ತ್ರ ಒಲೆ ಇವತ್ತಿಗೂ ಓದಲು ರೋಮಾಂಚನ: ಮೂರು ಪಾತ್ರೆ, ಒಂದೇ ಬೆಂಕಿ, ಜಾಲರಿ, ಬಾಗಿಲು, ಚಿಮಣಿ. ಹಳೇ ಒಲೆಗಳಲ್ಲಿ ಹತ್ತು ಪಾಲು ಶಾಖ ಪಾತ್ರೆಗೆ ಹೋದರೆ, ಲ್ಯಾಬಿನಲ್ಲಿ ಇದು ನಲವತ್ತು ಪಾಲು ದಾಟಿತು. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಅದನ್ನು ಹಳ್ಳಿಗಳಿಗೆ ಒಯ್ದಿತು. ಆ ಹೊತ್ತಿಗೇ ಕೇಂದ್ರ ಸರಕಾರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿ, 2002ರಲ್ಲಿ ನಿಲ್ಲಿಸುವ ಹೊತ್ತಿಗೆ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆ ಕಟ್ಟಿಸಿತ್ತು. ಅವುಗಳಲ್ಲಿ ಬಹಳಷ್ಟು ಕೆಲವೇ ವರ್ಷದಲ್ಲಿ ಮೂಲೆಗೆ ಬಿದ್ದವು. ಕಾರಣ ವಿಜ್ಞಾನದ್ದಲ್ಲ. ಚಿತ್ರದಲ್ಲಿ ಇದ್ದ ಅಳತೆ ಮನೆಯಲ್ಲಿ ಬರಲಿಲ್ಲ, ಚಿಮಣಿ ಕಟ್ಟಿಕೊಂಡಾಗ ತೆಗೆಯುವವರಿರಲಿಲ್ಲ, ದೊಡ್ಡ ಕೊರಡು ತುರುಕಲು ಬಾಯಿ ಸಾಕಾಗುವುದಿಲ್ಲ ಅಂತ ಮನೆಯವರೇ ಅದನ್ನು ಒಡೆದು ಅಗಲ ಮಾಡಿದರು. ಅಂದರೆ ಒಂದು ಇಂಚಿನ ಸಂದು ಮೂರು ಇಂಚಾದರೆ ಅಸ್ತ್ರ ಒಲೆ ಮತ್ತೆ ಸಾದಾ ಒಲೆ. ಸೌದೆ ಸಣ್ಣಗೆ ಸೀಳಬೇಕು ಅನ್ನುವ ಒಂದು ಮಾತು, ಇಂಜಿನಿಯರಿಗೆ ಟಿಪ್ಪಣಿಯ ಒಂದು ಸಾಲು. ಬೆಳಿಗ್ಗೆ ಕತ್ತಿ ಹಿಡಿದು ಸೀಳುವವರಿಗೆ ಅರ್ಧ ಗಂಟೆ ಹೆಚ್ಚು ಕೆಲಸ.

ಇನ್ನೊಂದು ಪಾಠ ಊರ್ಜಾ ಒಲೆಯದ್ದು. ಅದೂ ಅದೇ ವಿಜ್ಞಾನ ಸಂಸ್ಥೆಯ ಕೂಸು, ಬಿಪಿ ಕಂಪೆನಿ ಜೊತೆ ಸೇರಿ 2006ರ ನಂತರ ಮಾರುಕಟ್ಟೆಗೆ ಬಂತು. ಸಣ್ಣ ಫ್ಯಾನ್, ಕೃಷಿ ತ್ಯಾಜ್ಯದ ಗುಳಿಗೆ, ನೀಲಿ ಜ್ವಾಲೆ, ಹೊಗೆ ಇಲ್ಲವೇ ಇಲ್ಲ ಅನ್ನಬಹುದು. ಲಕ್ಷಗಟ್ಟಲೆ ಮನೆಗಳಿಗೆ ಹೋಯಿತು. ಆದರೆ ಗುಳಿಗೆಯನ್ನು ದುಡ್ಡು ಕೊಟ್ಟೇ ತರಬೇಕು. ಅದರ ಬೆಲೆ ಏರಿದಂತೆ ಒಲೆಗಳು ಅಟ್ಟ ಸೇರಿದವು. ಒಲೆಯಲ್ಲಿ ಏನು ತಪ್ಪಿತ್ತು? ಏನೂ ಇಲ್ಲ. ಹಿತ್ತಲಿನಲ್ಲಿ ಬೀಳುವುದನ್ನು ಅದು ಉರಿಸುತ್ತಿರಲಿಲ್ಲ, ಅಷ್ಟೇ.

ಹಾಗಾದರೆ ಹಿತ್ತಲಿನಲ್ಲಿ ಎಷ್ಟು ಬೀಳುತ್ತದೆ? ನನ್ನ ಪ್ರಕಾರ ಇದೇ ಮುಖ್ಯ ಪ್ರಶ್ನೆ, ಇದನ್ನು ಯಾರೂ ಕೇಳುವುದಿಲ್ಲ. ತೆಂಗಿನ ಮರವೊಂದು ವರ್ಷಕ್ಕೆ ಹನ್ನೆರಡರಷ್ಟು ಮಡಲು ಉದುರಿಸುತ್ತದೆ. ಒಂದು ಒಣ ಮಡಲು ಕೊತ್ತಳಿಗೆ ಸಹಿತ ಎರಡೂವರೆ ಕೆ.ಜಿ., ಮರಕ್ಕೆ ಎಂಬತ್ತು ಕಾಯಿ, ಒಂದು ಕಾಯಿಯ ಒಣ ಸಿಪ್ಪೆ ಮತ್ತು ಗೆರಟೆ ಸೇರಿ ಅರ್ಧ ಕೆ.ಜಿ. ಅಂತ ಕೈಯಂದಾಜು ಹಿಡಿದರೆ, ಮರವೊಂದಕ್ಕೆ ಎಪ್ಪತ್ತರಿಂದ ಎಂಬತ್ತು ಕೆ.ಜಿ. ಆಯಿತು. ಮಾರ್ಚಿನಿಂದ ಮೇವರೆಗೆ ನಮ್ಮ ಸೆಖೆಯಲ್ಲಿ ಯಾರೂ ನೀರು ಕಾಯಿಸುವುದಿಲ್ಲ. ಉಳಿದ ಒಂಬತ್ತು ತಿಂಗಳು ದಿನಕ್ಕೆ ನಾಲ್ಕು ಕೆ.ಜಿ.ಯ ಹಾಗೆ ಸಾವಿರ ಕೆ.ಜಿ. ದಾಟುತ್ತದೆ, ಅದಕ್ಕೆ ಹದಿನಾಲ್ಕು ಮರ ಬೇಕು. ನಮ್ಮಲ್ಲಿರುವುದು ಎಂಟು. ಆದ್ದರಿಂದಲೇ ಪ್ರತಿ ವರ್ಷ ಮಳೆಗಾಲದ ನಡುವಿನಲ್ಲಿ ಸೌದೆ ಮುಗಿದು ಪಿಕಪ್ಪಿನಲ್ಲಿ ತರಿಸುವುದು. ಒಲೆ ಹದಿನಾಲ್ಕರ ಬದಲು ಇಪ್ಪತ್ತೆಂಟು ಪಾಲು ಶಾಖವನ್ನು ನೀರಿಗೆ ಕೊಟ್ಟರೆ ಏಳು ಮರ ಸಾಕು. ಇಪ್ಪತ್ತೆಂಟು ಅನ್ನುವುದು ಆಕಾಶದ ಮಾತಲ್ಲ. ಎತ್ತಿ ಒಯ್ಯುವಂಥ ಸಾದಾ ಅಡುಗೆ ಒಲೆಗೆ, ಫ್ಯಾನ್ ಇಲ್ಲದಿದ್ದರೂ, ಭಾರತೀಯ ಮಾನಕ 2013ರಲ್ಲಿ ಕನಿಷ್ಠ ಇಪ್ಪತ್ತೈದು ಅಂತ ನಿಗದಿ ಮಾಡಿದೆ. ಕಟ್ಟಿದ ಬಚ್ಚಲ ಒಲೆಗೆ ಆ ಮಾನಕ ಅನ್ವಯಿಸುವುದಿಲ್ಲ, ಆದರೆ ಸುತ್ತಲೂ ಹೊಗೆ ಸವರುವ ಹಂಡೆಗೆ ಅಷ್ಟು ಸಾಧ್ಯವಾಗದೆ ಇರಲಿಕ್ಕಿಲ್ಲ.

ಮಾವನ ಪಕ್ಷದ ವಾದಕ್ಕೆ ಬರುವ. ಒಲೆ ಒಡೆದರೆ ಈ ಮಡಲು, ಸಿಪ್ಪೆ ಎಲ್ಲಿ ಹೋಗುತ್ತದೆ? ನಮ್ಮ ಬೀದಿಯಲ್ಲೇ ಉತ್ತರ ಉಂಟು. ಒಲೆ ಒಡೆಸಿದ ನಾಲ್ಕು ಮನೆಯವರು ಅದನ್ನು ಕಂಪೌಂಡಿನ ಮೂಲೆಯಲ್ಲಿ ರಾಶಿ ಹಾಕಿ, ಭಾನುವಾರ ಬೆಂಕಿ ಕೊಡುತ್ತಾರೆ. ಅದೇ ಹೊಗೆ, ಇನ್ನೂ ದಟ್ಟ, ನೆಲಮಟ್ಟದಲ್ಲಿ. ಒಂದು ಚೊಂಬು ನೀರು ಕೂಡ ಬಿಸಿಯಾಗಲಿಲ್ಲ. ಮನೆಯೊಳಗೆ ಗೀಸರ್ ಕೆಂಪು ದೀಪ ಹಾಕಿಕೊಂಡು ಉರಿಯುತ್ತಿರುತ್ತದೆ. ಇದನ್ನು ಪ್ರಗತಿ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಗೀಸರಿನ ಲೆಕ್ಕವೂ ನೋಡಿದೆ. ಅದೇ 60 ಲೀಟರಿಗೆ ದಿನಕ್ಕೆ ಎರಡೂವರೆ ಯೂನಿಟ್, ತಿಂಗಳಿಗೆ 75. "ಹೇಗೂ ಗೃಹಜ್ಯೋತಿ ಉಂಟಲ್ಲ, ಫ್ರೀ" ಅಂತಾರೆ. 2023ರಲ್ಲಿ ಬಂದ ಆ ಯೋಜನೆಯಲ್ಲಿ ಉಚಿತ ಸಿಗುವುದು ನಮ್ಮ ಹಿಂದಿನ ಸರಾಸರಿ ಬಳಕೆ, ಅದರ ಮೇಲೆ ಹತ್ತು ಪಾಲು. ನೂರ ಮೂವತ್ತು ಯೂನಿಟ್ ಸುಡುತ್ತಿದ್ದ ಮನೆಗೆ ನೂರ ನಲವತ್ತಮೂರು ಉಚಿತ. ಅದೇ ಮನೆ ಹೊಸದಾಗಿ 75 ಸೇರಿಸಿದರೆ ಇನ್ನೂರು ದಾಟಿತು; ದಾಟಿದ ತಿಂಗಳು ಇಡೀ ಬಿಲ್ಲು ಕೈಯಿಂದ. ಗೀಸರ್ ಬೇಡ ಅನ್ನಲು ಇದು ಕಾರಣವಲ್ಲ, ಆದರೆ ಫ್ರೀ ಅನ್ನುವುದು ತಪ್ಪು. ಸೋಲಾರ್? ಚಳಿಗಾಲದಲ್ಲಿ ಭೇಷ್. ಬಿಸಿನೀರು ನಿಜಕ್ಕೂ ಬೇಕಾದ ಜೂನ್, ಜುಲೈ, ಆಗಸ್ಟಿನಲ್ಲಿ ನಮ್ಮ ಸೂರ್ಯನೇ ರಜೆ. ಗ್ಯಾಸ್ ಗೀಸರನ್ನು ಮುಚ್ಚಿದ ಬಚ್ಚಲೊಳಗೆ ಹಾಕುವ ಮಾತೇ ಬೇಡ, ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಅಂಗಡಿಯಲ್ಲಿ ಸಿಗುವ ಕಟ್ಟಿಗೆ ಬಾಯ್ಲರ್ ಬಗ್ಗೆ ನನಗೆ ಗೌರವ ಉಂಟು. ನೀರಿನ ಸಿಲಿಂಡರಿನ ನಡುವೆಯೇ ಬೆಂಕಿಯ ಕೊಳವೆ ಹೋಗುತ್ತದೆ, ತಣ್ಣೀರು ಹೊಯ್ದಷ್ಟೂ ಬಿಸಿನೀರು ಹೊರಗೆ ಬರುತ್ತದೆ, ಜಾಗ ಕಡಿಮೆ. ಒಲೆಯೇ ಇಲ್ಲದ ಮನೆಯವರು ಹೊಸದಾಗಿ ತರುವುದಾದರೆ ಅದನ್ನೇ ತರಲಿ. ಆದರೆ ತಗಡಿನದ್ದು ಬೇಡ. ಮುರಕಲ್ಲಿನ ಬಾವಿ ನೀರು ಸಾಮಾನ್ಯವಾಗಿ ತುಸು ಆಮ್ಲದ್ದು, ತಗಡನ್ನು ಬೇಗ ತಿಂದುಹಾಕುತ್ತದೆ. ಮತ್ತೆ, ಅದರ ಸಣ್ಣ ಬಾಯಿಗೆ ಸಿಪ್ಪೆ, ಗೆರಟೆ, ಚಕ್ಕೆ ಹೋಗುತ್ತದೆ, ಮಡಲಿನ ಕೊತ್ತಳಿಗೆ ಹೋಗುವುದಿಲ್ಲ. ಮೂರು ತಲೆಮಾರಿನ ತಾಮ್ರದ ಹಂಡೆ ಇರುವ ಮನೆಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಆದರೆ ಒಲೆ ಎಲ್ಲರಿಗೂ ಅಲ್ಲ ಅನ್ನುವುದನ್ನೂ ಹೇಳಬೇಕು, ಇಲ್ಲದಿದ್ದರೆ ಇದು ಅಜ್ಜಿಪರ ಭಾಷಣ ಆದೀತು. ಚಿಮಣಿ ಹೊಗೆಯನ್ನು ಇಲ್ಲವಾಗಿಸುವುದಿಲ್ಲ, ಬೇರೆ ಕಡೆ ಕಳಿಸುತ್ತದೆ. ಮೂರು ಸೆಂಟ್ಸ್ ಜಾಗದಲ್ಲಿ ಮನೆಗೆ ಮನೆ ತಾಗಿರುವ ಕಡೆ ನನ್ನ ಚಿಮಣಿಯ ತುದಿ ನಿಮ್ಮ ಮಲಗುವ ಕೋಣೆಯ ಕಿಟಕಿ. ಅಲ್ಲಿ ಒಲೆ ಬೇಡ. ಸೌದೆಯನ್ನು ಪೂರ್ತಿ ದುಡ್ಡು ಕೊಟ್ಟು ತರುವ ಮನೆಗೂ ಬೇಡ. ಬೆಂಕಿ ಹೊತ್ತಿಸಲು ಹಾಲಿನ ಪ್ಯಾಕೆಟ್, ಬಿಸ್ಕತ್ತಿನ ಕವರ್ ಬಿಡಲಾರದ ಮನೆಗಂತೂ ಬೇಡವೇ ಬೇಡ. ಇದು ನಮ್ಮ ಮನೆಯಲ್ಲೂ ಇದ್ದ ಅಭ್ಯಾಸ. ಪ್ಲಾಸ್ಟಿಕ್ ಹೊಗೆಯ ಮುಂದೆ ಸೌದೆ ಹೊಗೆ ಏನೂ ಅಲ್ಲ. ಒಣ ಸೋಗೆಯ ಒಂದು ಮುಷ್ಟಿ ಸಾಕು, ಅಜ್ಜಿ ಮೊದಲು ಅದನ್ನೇ ಮಾಡುತ್ತಿದ್ದರು, ಕವರುಗಳು ಮನೆ ತುಂಬುವವರೆಗೆ.

ಮೇಸ್ತ್ರಿಯ ಆಕ್ಷೇಪ ಬೇರೆಯೇ ಇತ್ತು. "ಮಾಡು ಒಡೆದು ಕೊಳವೆ ತೆಗೆದರೆ ಮಳೆಗೆ ಸೋರ್ತದೆ ಮಾರಾಯ್ರೇ, ಆಮೇಲೆ ನನಗೆ ಬೈಬೇಡಿ." ಸರಿಯಾದ ಮಾತು. ಹಂಚಿನ ಮಾಡಾಗಿದ್ದರೆ ಪಕ್ಕಾಸು, ರೀಪಿನ ಮರಕ್ಕೆ ಬಿಸಿ ಕೊಳವೆ ತಾಗುವ ಅಪಾಯವೂ ಉಂಟು. ಆದ್ದರಿಂದ ಕೊಳವೆಯನ್ನು ಕಲ್ಲಿನ ಗೋಡೆಯಲ್ಲೇ ಹೊರಗೆ ದಾಟಿಸಿ, ಹೊರಗಿನಿಂದ ಮೇಲೇರಿಸುವುದು ಅಂತ ಆಯಿತು. ಹೊರಗೆ ಕೊಳವೆ ತಣ್ಣಗಾಗಿ ಎಳೆತ ಸ್ವಲ್ಪ ಕಡಿಮೆಯಾಗುತ್ತದೆ, ಒಂದು ತಿರುವೂ ಹೆಚ್ಚು. ಅದಕ್ಕೆ ಎರಡು ಅಡಿ ಎತ್ತರ ಸೇರಿಸಿದೆವು. ತಿರುವಿನ ಅಡಿಗೆ ಒಂದು ಮುಚ್ಚಳ ಇರುವ ಟೀ ಜಾಯಿಂಟ್. ತಿಂಗಳಿಗೊಮ್ಮೆ ಅದನ್ನು ಬಿಚ್ಚಿ ಉದ್ದ ಬ್ರಶ್ಶಿನಿಂದ ಕರಿ ಬೀಳಿಸುವುದು ನನ್ನ ಕೆಲಸ ಅಂತ ಅಮ್ಮನ ಎದುರು ಒಪ್ಪಿಕೊಂಡಿದ್ದೇನೆ. ಇಲ್ಲಿ ಬರೆದೂ ಇಟ್ಟಿದ್ದೇನೆ, ನಾಳೆ ತಪ್ಪಿಸಿಕೊಳ್ಳಬಾರದು ಅಂತ.

ಇಷ್ಟಾದರೂ ಹೊತ್ತಿಸುವ ಮೊದಲ ಐದು ನಿಮಿಷ, ಕೊಳವೆ ಬಿಸಿಯಾಗುವವರೆಗೆ, ಹೊಗೆ ಬಚ್ಚಲೊಳಗೆ ಬಂದೇ ಬರುತ್ತದೆ. ಡಾಕ್ಟರು ಹೇಳಿದ್ದನ್ನು ಯಾವ ಚಿಮಣಿಯೂ ಬದಲಾಯಿಸುವುದಿಲ್ಲ. ಅಂದರೆ ಒಲೆ ಉಳಿಯಬೇಕಾದರೆ ಹೊತ್ತಿಸುವ ಕೈ ಬದಲಾಗಬೇಕು. ನಮ್ಮ ಮನೆಯ ಮೂರು ಪಕ್ಷಗಳ ಜಗಳದಲ್ಲಿ ಗೀಸರಾ, ಒಲೆಯಾ ಅಂತ ಕೇಳಿದ್ದೇ ಕೇಳಿದ್ದು. ಬೆಳಿಗ್ಗೆ ಐದೂವರೆಗೆ ಯಾರು ಅಂತ ಕೇಳಿದ್ದು ಯಾರೂ ಇಲ್ಲ. ಒಲೆ ಬೇಕೆನ್ನುವ ಗಂಡಸರು ಎಷ್ಟು ಮನೆಗಳಲ್ಲಿ ಅದನ್ನು ಹೊತ್ತಿಸುತ್ತಾರೆ? ಕಳೆದ ಸೋಮವಾರದಿಂದ ನಾನು ಎದ್ದು ಹೊತ್ತಿಸುತ್ತಿದ್ದೇನೆ. ಹಳೇ ಒಲೆಯನ್ನೇ. ಮೊದಲ ದಿನ ಮುಕ್ಕಾಲು ಗಂಟೆ ಹಿಡಿಯಿತು, ಕಣ್ಣು ಕೆಂಪಾಯಿತು, ಎಂಟೂವರೆಯ ಕ್ಲಾಸ್ ತಪ್ಪಿತು. ಅಜ್ಜಿ ಅಡುಗೆಮನೆಯ ಬಾಗಿಲಲ್ಲೇ ನಿಂತು, "ಸಿಪ್ಪೆಯನ್ನು ಕವುಚಿ ಇಡು, ಮಗಾ, ಗಾಳಿ ಒಳಗೆ ಹೋಗ್ಲಿ" ಅಂತ ಹೇಳಿಕೊಟ್ಟರು. ಹೌದು, ಕವುಚಿದ ಸಿಪ್ಪೆಯ ಅಡಿಯಲ್ಲಿ ಗಾಳಿಗೆ ಗೂಡು ಸಿಗುತ್ತದೆ. ಜಾಲರಿ ಮಾಡುವ ಕೆಲಸವನ್ನು ಅವರು ಇಷ್ಟು ವರ್ಷ ಸಿಪ್ಪೆಯಿಂದಲೇ ಮಾಡಿಸುತ್ತಿದ್ದರು.

ಚಿತ್ರವನ್ನು ಅವರಿಗೂ ತೋರಿಸಿದೆ. ಜಾಲರಿ, ಸಂದು, ಕೊಳವೆ ಎಲ್ಲ ಕೇಳಿಸಿಕೊಂಡು, "ಬಾಯಿ ಇಷ್ಟು ಕೆಳಗೆ ಯಾಕೆ?" ಅಂದರು. ನೆಲದಿಂದ ಒಂದು ಗೇಣು, ಹಳೇದರ ಹಾಗೆಯೇ ಬಿಡಿಸಿದ್ದೆ. ಈ ಐವತ್ತು ವರ್ಷ ಅವರು ಕುಕ್ಕರುಗಾಲಿನಲ್ಲಿ ಕೂತು ಬಗ್ಗಿ ಊದಿದ್ದು ಆ ಒಂದು ಗೇಣಿನಿಂದ. ಒಲೆಯನ್ನು ಒಂದೂವರೆ ಅಡಿ ಎತ್ತರಿಸಿದರೆ ಸ್ಟೂಲಿನ ಮೇಲೆ ಕೂತು ಸೌದೆ ಹಾಕಬಹುದು, ಹಂಡೆಗೆ ನೀರು ತುಂಬಲು ಮಾತ್ರ ಹೇಗೂ ಪೈಪ್ ಬರುತ್ತದಲ್ಲ. ಚಿತ್ರ ತಿದ್ದಿ ಮೇಸ್ತ್ರಿಗೆ ಮತ್ತೆ ವಾಟ್ಸಾಪ್ ಮಾಡಿದ್ದೇನೆ. ಮೂರು ಸಾಲು ಕೆಂಪುಕಲ್ಲು ಹೆಚ್ಚು ಬೇಕಂತೆ.